ಪೆಡಲ್ ನೆಲ ಮುಟ್ಟಿದ ದಿನ
(ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

‘ನಿಮ್ಮ ಕಾರನ್ನ ನೀವೇ ರಿಪೇರಿ ಮಾಡ್ಕೋತೀರಂತೆ, ಅದರ ಬಗ್ಗೆ ನಾಲ್ಕು ಮಾತು ಆಡಿ’ ಅಂತ ಕಾರ್ಯದರ್ಶಿಗಳು ಕೇಳಿದರು. ಒಪ್ಪಿಕೊಂಡೆ. ಆದರೆ ನಾನು ಹೇಳೋದು ನನ್ನ ಜಾಣತನದ ಕಥೆ ಅಲ್ಲ, ತಪ್ಪಿನ ಕಥೆ.

ನಾನು ಹೋಮ್ ಕೇರ್ ಕೆಲಸದವನು. ಬೆಳಿಗ್ಗೆ ಆರೂವರೆಗೆ ಹೊರಟರೆ ಮನೆಯಿಂದ ಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ, ತಿಂಡಿ, ಮಾತ್ರೆ. ಗುಡ್ಡಗಳ ಮೇಲೆ ಹರಡಿಕೊಂಡಿರೋ ಈ ಶೆಫೀಲ್ಡ್‌ನಲ್ಲಿ ನನ್ನ ಕೆಲಸ ಕಾರಿಲ್ಲದೆ ನಡೆಯೋದಿಲ್ಲ. ಕಾರು ನಿಂತರೆ ರೌಂಡ್ ನಿಲ್ಲುತ್ತೆ, ರೌಂಡ್ ನಿಂತರೆ ಆ ದಿನದ ಸಂಬಳ ನಿಲ್ಲುತ್ತೆ. ಇಲ್ಲಿ ಕೂತಿರೋ ಎಷ್ಟೋ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಚಳಿಗಾಲದಲ್ಲಿ ಕಾರು ಎಂಒಟಿ ಪಾಸಾಯಿತು. ಆದರೆ ಕಾಗದದ ಕೆಳಗೆ ಒಂದು ಅಡ್ವೈಸರಿ: ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ. ಗ್ಯಾರೇಜಿನಲ್ಲಿ ಕೇಳಿದ ದುಡ್ಡು ನನ್ನ ಎರಡು ದಿನದ ದುಡಿಮೆ. ಬರೀ ಪ್ಯಾಡ್ ಕೊಂಡರೆ ಅದರ ಕಾಲು ಭಾಗವೂ ಆಗೋದಿಲ್ಲ. ವಿಡಿಯೋ ನೋಡಿದೆ, ಇಪ್ಪತ್ತು ನಿಮಿಷದ ಕೆಲಸ. ನಮ್ಮಣ್ಣ ಅರಸೀಕೆರೆಯಲ್ಲಿ ಗ್ಯಾರೇಜ್ ಇಟ್ಟವನು, ಚಿಕ್ಕಂದಿನಲ್ಲಿ ಅವನಿಗೆ ಪಾನಾ ಎತ್ತಿಕೊಟ್ಟವನು ನಾನು. ಇದೇನು ಮಹಾ ಅಂತ ಶುರು ಮಾಡಿದೆ.

ಇಪ್ಪತ್ತು ನಿಮಿಷದ್ದು ಐದು ಗಂಟೆ ಹಿಡೀತು. ಮೊದಲು ತರಿಸಿದ ಪ್ಯಾಡ್ ಕೂರಲೇ ಇಲ್ಲ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಅಳತೆಯ ಬ್ರೇಕ್ ಇರಬಹುದು. ಗಾಡಿ ನಂಬರ್ ಕೊಟ್ಟೇ ಕೇಳಬೇಕು. ಆಮೇಲೆ ಬೋಲ್ಟ್. ಚಳಿಗಾಲದಲ್ಲಿ ರಸ್ತೆಗೆ ಹಾಕೋ ಉಪ್ಪಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದು ಇದೇ ಊರಲ್ಲಿ. ನನ್ನ ಬೋಲ್ಟಿಗೆ ಆ ಸುದ್ದಿ ಮುಟ್ಟಿರಲಿಲ್ಲ!

ನಮ್ಮದು ವಾಕ್ಲಿಯ ಇಳಿಜಾರು ಬೀದಿ. ಅಲ್ಲಿ ಕಾರು ಎತ್ತಿದ್ದೇ ಮೊದಲ ತಪ್ಪು. ಬರೀ ಜಾಕ್ ಮೇಲೆ ನಿಲ್ಲಿಸಿದ್ದು ಎರಡನೇ ತಪ್ಪು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯವರು ನೋಡಿ, ಏನೂ ಅನ್ನದೆ ಒಳಗೆ ಹೋಗಿ ಎರಡು ಆಕ್ಸಲ್ ಸ್ಟ್ಯಾಂಡ್ ತಂದುಕೊಟ್ಟರು. ಜಾಕ್ ಇರೋದು ಎತ್ತೋದಕ್ಕೆ ಮಾತ್ರ, ಭಾರ ಹೊರೋದು ಸ್ಟ್ಯಾಂಡ್.

ಎರಡೂ ಚಕ್ರ ಮುಗಿಯೋ ಹೊತ್ತಿಗೆ ಕತ್ತಲೆ, ಮಳೆ. ಮರುದಿನ ಬೆಳಿಗ್ಗೆ ಡ್ಯೂಟಿ. ‘ಅಪ್ಪಾ, ನಾನೂ ಬರ್ತೀನಿ’ ಅಂದಳು ಮಗಳು. ಹಿಂದೆ ಅವಳ ಸೀಟಿನಲ್ಲಿ ಕೂರಿಸಿದೆ. ಹ್ಯಾಂಡ್‌ಬ್ರೇಕ್ ಬಿಟ್ಟೆ, ಕಾರು ಇಳಿಯಿತು. ಬ್ರೇಕ್ ತುಳಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು.

ಕೈಗೆ ಹ್ಯಾಂಡ್‌ಬ್ರೇಕ್ ಸಿಕ್ಕಿತು. ಅದು ಕೇಬಲ್ಲಿನಿಂದ ಹಿಂದಿನ ಚಕ್ರ ಹಿಡಿಯೋದರಿಂದ ಬದುಕಿದೆವು. ಮುಂದೆ ನಿಂತಿದ್ದ ಕಾರಿಗೂ ನಮಗೂ ಒಂದು ಗೇಣು. ‘ಅಪ್ಪಾ, ಇಷ್ಟೇನಾ?’ ಅಂತ ಮಗಳು ನಗ್ತಿದ್ದಳು.

ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ.

‘ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಪೆಡಲ್ ತುಳಿದ್ಯೇನೋ?’

‘ಇಲ್ಲ ಕಣಣ್ಣ.’

‘ಹೊಸ ಪ್ಯಾಡು ದಪ್ಪ ಅಂತ ತಾನೇ ಪಿಸ್ಟನ್ ತಳ್ಳಿದ್ದು? ಅದು ವಾಪಸ್ ಬಂದು ಪ್ಯಾಡು ಡಿಸ್ಕಿಗೆ ತಾಗೋತನಕ ಬ್ರೇಕೇ ಇಲ್ಲ. ಗಾಡಿ ನಿಂತಿರುವಾಗಲೇ ನಿಧಾನಕ್ಕೆ ತುಳೀತಾ ಇರು, ಪೆಡಲ್ ಗಟ್ಟಿ ಆಗಬೇಕು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ದುಡ್ಡಿರಲಿಲ್ವೇನೋ?’

ನನಗೆ ಉತ್ತರ ಹೊರಡಲಿಲ್ಲ. ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸೋ ತಮ್ಮ, ಬ್ರೇಕಿಗೆ ದುಡ್ಡಿಲ್ಲ ಅಂತ ಹೇಗೆ ಹೇಳೋದು?

ತುಳಿದ ಮೇಲೆ ಪೆಡಲ್ ಗಟ್ಟಿಯಾಯಿತು. ಆದರೂ ಮರುದಿನ ಬೆಳಗಿನ ರೌಂಡ್ ಬಿಟ್ಟು, ಮೆಕ್ಯಾನಿಕ್ ಒಬ್ಬರನ್ನ ಮನೆಗೇ ಕರೆಸಿ ತೋರಿಸಿದೆ. ಕೆಲಸ ಸರಿಯಾಗಿತ್ತು. ಉಳಿಸಿದ ದುಡ್ಡಿನ ಬಹುಪಾಲು ಅಲ್ಲಿಗೆ ಹೋಯಿತು.

ಹಾಗಾದರೆ ಮನೇಲಿ ರಿಪೇರಿ ಬೇಡವೇ? ಬೇಕು. ವೈಪರ್, ಬಲ್ಬ್, ಏರ್ ಫಿಲ್ಟರ್ ಧೈರ್ಯವಾಗಿ ಬದಲಾಯಿಸಿ. ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆ ಆಗದ ಹಾಗೆ ನೋಡ್ಕೊಳ್ಳಿ. ಎಂಜಿನ್ ಆಯಿಲ್ ಬದಲಾಯಿಸಿದರೆ ಹಳೇದನ್ನ ಮೋರಿಗೆ ಸುರಿಯಬೇಡಿ, ಕೌನ್ಸಿಲ್ಲಿನ ರೀಸೈಕ್ಲಿಂಗ್ ಸೆಂಟರಿಗೆ ಕೊಡಿ. ದುಡ್ಡು ತಗೊಂಡು ಬೀದಿಯಲ್ಲಿ ಬೇರೆಯವರ ಗಾಡಿ ರಿಪೇರಿಗೆ ಮಾತ್ರ ಇಳಿಯಬೇಡಿ, 2005ರ ಕಾನೂನಿನಲ್ಲಿ ಅದು ಅಪರಾಧ. ಬ್ರೇಕ್ ಮುಟ್ಟೋದಾದರೆ ಸಮತಟ್ಟು ಜಾಗ, ಹಗಲು, ಮತ್ತು ಆ ಕೆಲಸ ಮೊದಲೇ ಮಾಡಿರೋ ಒಬ್ಬರು ಪಕ್ಕದಲ್ಲಿರಬೇಕು. ಗೊತ್ತಿಲ್ಲ ಅನ್ನೋದಕ್ಕೂ, ಕೈಯಲ್ಲಿ ಕಾಸಿಲ್ಲ ಅನ್ನೋದಕ್ಕೂ ನಮ್ಮ ನಮ್ಮಲ್ಲಿ ನಾಚಿಕೆ ಬೇಡ.

ಈಗ ನಾನೂ ಎರಡು ಆಕ್ಸಲ್ ಸ್ಟ್ಯಾಂಡ್, ಒಂದು ಟಾರ್ಕ್ ರೆಂಚ್ ತಗೊಂಡಿದ್ದೀನಿ. ಯಾರಿಗೆ ಬೇಕಾದರೂ ಬಂದು ತಗೊಂಡು ಹೋಗಿ. ಫೋನ್ ಮಾಡಿದರೆ ನಾನೂ ಬರ್ತೀನಿ.