ಮನೆಗೊಬ್ಬರು ಲೆಕ್ಕ ಬಲ್ಲವರಿರಲಿ
(ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಬಿತ್ತನೆ ಕಬ್ಬು, ಕೂಳೆ ಬೆಳೆ, ಗೊಬ್ಬರ ಇವುಗಳ ಮಾತು ನನ್ನಿಂದ ಸಾಕಷ್ಟು ಕೇಳಿದ್ದೀರಿ. ಇಂದು ನಿಮ್ಮ ಮಕ್ಕಳ ವಿದ್ಯೆಯ ವಿಷಯ ಎತ್ತಿಕೊಂಡಿದ್ದೇನೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಹಳ್ಳಿಗಳಲ್ಲಿ ಮಗು ಜಾಣನಿದ್ದರೆ ಡಾಕ್ಟರು, ಇಲ್ಲವೆ ಇಂಜಿನಿಯರು ಎನ್ನುತ್ತೇವೆ. ಲೆಕ್ಕಶಾಸ್ತ್ರದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನೀವು ವರ್ಷವಿಡೀ ಸುರಿಸಿದ ಬೆವರು ಕೊನೆಗೆ ಬಂದು ನಿಲ್ಲುವುದು ಮಾತ್ರ ಒಂದು ಬಿಲ್ಲಿನ ಮೇಲೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ದರ, ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ 0.1 ಇಳಿದರೆ ಕ್ವಿಂಟಲಿಗೆ 3 ರೂ. 46 ಪೈಸೆ ಕಡಿತ. ಅಂದರೆ 10.25 ಇದ್ದದ್ದು 10.05 ಆದರೆ, ನೂರು ಟನ್ ಕಳಿಸಿದವರ ಬಿಲ್ಲಿನಲ್ಲಿ 6,920 ರೂಪಾಯಿ ಕಡಿಮೆ. ಹದಿನಾಲ್ಕು ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಇದನ್ನು ಕೂತು ಲೆಕ್ಕ ಹಾಕುವವರು ನಮ್ಮಲ್ಲೆಷ್ಟು ಮನೆಯಲ್ಲಿದ್ದಾರೆ? ಮಹಾಸಭೆಯಲ್ಲಿ ಅಢಾವೆ ಪತ್ರಿಕೆ ಕೈಗೆ ಬಂದರೆ ಮಡಚಿ ಜೇಬಿಗಿಟ್ಟು ಚಹಕ್ಕೆ ಏಳುತ್ತೇವೆ. ಬಹಳ ಕಾಲ ನಾನೂ ಹಾಗೇ ಮಾಡಿದವನು.

ಇನ್ನು ದಾರಿಯ ವಿಷಯ. ಸಿ.ಎ. ಎಂಬ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ 1949ರ ಕಾಯಿದೆಯಿಂದ ಹುಟ್ಟಿದ್ದು. ಹತ್ತನೇ ತರಗತಿ ಮುಗಿದೊಡನೆ ಹೆಸರು ನೋಂದಾಯಿಸಬಹುದು. ಇಂಟರ್‌ಮೀಡಿಯೆಟ್ ಮುಗಿಸಿ ಫೌಂಡೇಶನ್ ಪರೀಕ್ಷೆಗೆ ಕೂರಬೇಕು. ಸಿ.ಇ.ಸಿ., ಎಂ.ಇ.ಸಿ. ಓದಿದವರಿಗೆ ವಿಷಯ ಹಗುರ, ಆದರೆ ಯಾವ ಗುಂಪಿನವರೂ ಬರಬಹುದು. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ 40, ಒಟ್ಟಿನಲ್ಲಿ ಶೇಕಡಾ 50 ಅಂಕ ಬೇಕು. ಬಳಿಕ ಸಿ.ಎ. ಇಂಟರ್‌ಮೀಡಿಯೆಟ್, ಆರು ಪತ್ರಿಕೆ. ಶೇಕಡಾ 55 ಅಂಕದೊಂದಿಗೆ ಬಿ.ಕಾಂ. ಮುಗಿಸಿದವರು ಫೌಂಡೇಶನ್ ಬಿಟ್ಟು ನೇರವಾಗಿ ಇಲ್ಲಿಗೇ ಸೇರಬಹುದು.

ಮುಂದಿನದೇ ಈ ವಿದ್ಯೆಯ ತಿರುಳು. ಅನುಭವಸ್ಥ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎರಡು ವರ್ಷ ಶಿಷ್ಯವೃತ್ತಿ. 2023ಕ್ಕೆ ಮೊದಲು ಮೂರು ವರ್ಷವಿತ್ತು. ಸಣ್ಣ ಮೊತ್ತದ ಸ್ಟೈಪೆಂಡ್ ಸಿಗುತ್ತದೆ, ಅದರಿಂದ ಹೈದರಾಬಾದಿನ ಖರ್ಚು ಪೂರ್ತಿ ಸಾಗೀತೆಂದು ನಂಬಬೇಡಿ. ಕೊನೆಗೆ ಫೈನಲ್, ಮತ್ತೆ ಆರು ಪತ್ರಿಕೆ.

ಎರಡು ಮಾತು ಮುಚ್ಚಿಡುವುದಿಲ್ಲ. ಉತ್ತರ ಬರೆಯುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲೋ ತೆಲುಗಿನಲ್ಲೋ ಓದಿದ ಮಕ್ಕಳಿಗೆ ಮೊದಲ ವರ್ಷ ಭಾಷೆಯೇ ಬೆಟ್ಟವಾಗುತ್ತದೆ. ಎರಡನೆಯದು, ಒಂದೇ ಸಲಕ್ಕೆ ಪಾಸಾಗದವರೇ ಬಹಳ. ಒಮ್ಮೆ ಫೇಲಾದೊಡನೆ "ಸಾಕು, ಕಟಾವಿಗೆ ಬಾ" ಎಂದು ಕರೆಯಬೇಡಿ. ಮಗಳಿಗೇಕೆ ಇದೆಲ್ಲ ಎನ್ನುವವರಿಗೆ ಒಂದು ಮಾತು: ಮದರಾಸಿನ ಆರ್. ಶಿವಭೋಗಂ ಎಂಬ ಹೆಣ್ಣುಮಗಳು 1933ರಲ್ಲೇ ಲೆಕ್ಕಪರಿಶೋಧಕರ ಅರ್ಹತೆ ಪಡೆದಿದ್ದರು.

ಉತ್ಪಾದನಾ ವೆಚ್ಚದ ಲೆಕ್ಕದಲ್ಲಿ ಆಸಕ್ತಿಯುಳ್ಳವರಿಗೆ ಸಿ.ಎಂ.ಎ. ಎಂಬ ಬೇರೊಂದು ಪರೀಕ್ಷೆಯಿದೆ. ಒಂದು ಕ್ವಿಂಟಲ್ ಸಕ್ಕರೆಗೆ ನಿಜಕ್ಕೂ ತಗಲಿದ್ದೆಷ್ಟು ಎಂದು ಹೇಳುವವರು ಅವರು. ಸಕ್ಕರೆ ಕಾರ್ಖಾನೆಗೆ ಅಂಥವರೂ ಬೇಕು.

ಮೇ ತಿಂಗಳ ಫೌಂಡೇಶನ್ ಪರೀಕ್ಷೆಗೆ ಕೂರಬೇಕಾದರೆ ಜನವರಿ 1ರೊಳಗೆ ನೋಂದಣಿ ಆಗಬೇಕು. ಆಗ ಕಬ್ಬು ಕಡಿಯುವ ಗಡಿಬಿಡಿಯಲ್ಲಿರುತ್ತೀರಿ, ಮರೆತೇ ಹೋಗುತ್ತದೆ. ಕಟಾವಿನ ಚೀಟಿ ಇಡುವ ಡಬ್ಬಿಯ ಮುಚ್ಚಳದ ಮೇಲೆ ಈ ತಾರೀಖನ್ನು ಇಂದೇ ಬರೆದಿಡಿ.