ಯೀಸ್ಟಿನಿಂದ ತಲೆಯ ಸುಳಿಯವರೆಗೆ: ಡಾ. ಅಮರ್ ಕ್ಲಾರ್ ಅವರ ನೆನಪು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕವಿಗಳನ್ನೂ ನಾಡಿನ ಹಿರಿಯರನ್ನೂ ನೆನೆಯುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಸ್ವಲ್ಪ ಮೀರಿ, ಕನ್ನಡಿಗರಲ್ಲದಿದ್ದರೂ ನಮ್ಮಂತೆಯೇ ಹುಟ್ಟೂರು ಬಿಟ್ಟು ದೂರದಲ್ಲಿ ಬಾಳಿದ ವಿಜ್ಞಾನಿಯೊಬ್ಬರನ್ನು ಕುರಿತು ಎರಡು ಮಾತು ಹೇಳಲು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ವಿಜ್ಞಾನ ನಮ್ಮ ಕಸುಬಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಅದು ನಮ್ಮ ಮನೆಗಳ ಮಕ್ಕಳಿಗೆ ಸಂಬಂಧಿಸಿದ್ದು.

ಅಮರ್ ಕ್ಲಾರ್ ಅವರು 1947ರಲ್ಲಿ ಪಂಜಾಬಿನಲ್ಲಿ ಜನಿಸಿದರು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಬರ್ಕ್ಲಿಯಲ್ಲಿ ಸೀಮೋರ್ ಫೋಗೆಲ್ ಅವರ ಬಳಿ ಕೆಲಸ ಮಾಡಿ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯವನ್ನು ಸೇರಿದರು. ಬಳಿಕ ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ದುಡಿದರು. 2017ರಲ್ಲಿ ತೀರಿಕೊಂಡರು. ಆಯುಷ್ಯದ ಬಹುಭಾಗವನ್ನು ಅವರು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಗೆ ಮುಡಿಪಾಗಿಟ್ಟರು.

ಯೀಸ್ಟ್ ನಮಗೆ ಹೊಸದಲ್ಲ. ಮುಂಬಯಿಯ ಪಾವ್ ಉಬ್ಬುವುದು ಅದರಿಂದ. ಮಂಗಳೂರು ಕಡೆಯ ತಾಯಂದಿರು ಸನ್ನಕ್ಕೆ ಕಳ್ಳು ಬೆರೆಸಿ ಹಿಟ್ಟು ಹುಳಿ ಬರಿಸುವಾಗಲೂ ಕೆಲಸ ಮಾಡುವುದು ಅದೇ ಬಳಗ. ಈ ಬ್ರೆಡ್ಡಿನ ಯೀಸ್ಟಿನಲ್ಲಿ ‘ಎ’ ಮತ್ತು ‘ಆಲ್ಫಾ’ ಎಂದು ಎರಡು ಬಗೆ. ಒಂದು ಬಗೆ ಇನ್ನೊಂದರೊಡನೆ ಮಾತ್ರ ಕೂಡುತ್ತದೆ. ವಿಚಿತ್ರವೇನೆಂದರೆ, ಕೆಲವು ತಳಿಗಳಲ್ಲಿ ‘ಎ’ ಇದ್ದದ್ದು ‘ಆಲ್ಫಾ’ ಆಗಿ ಬದಲಾಗುತ್ತದೆ, ಮತ್ತೆ ತಿರುಗಿ ‘ಎ’ ಆಗುತ್ತದೆ. ಇದು ಹೇಗೆ?

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಎರಡು ಬಗೆಯ ಅಸಲು ಕಾಗದಗಳೂ ಭದ್ರಕೋಣೆಯಲ್ಲಿ ಬೀಗ ಹಾಕಿ ಇವೆ. ಕೌಂಟರಿನ ಮೇಲೆ ಯಾವುದರ ನಕಲು ಇಟ್ಟಿದೆಯೋ ಅದರಂತೆ ವ್ಯವಹಾರ ನಡೆಯುತ್ತದೆ. ನಕಲನ್ನು ಬದಲಿಸಿದರೆ ವ್ಯವಹಾರವೂ ಬದಲು. ಈ ಕಲ್ಪನೆಯನ್ನು ಟೇಪ್ ರಿಕಾರ್ಡರಿನ ಕ್ಯಾಸೆಟ್ಟಿಗೆ ಹೋಲಿಸಿ 1977ರಲ್ಲಿ ಮುಂದಿಟ್ಟವರು ಐರಾ ಹರ್ಸ್ಕೊವಿಟ್ಜ್, ಹಿಕ್ಸ್ ಮತ್ತು ಸ್ಟ್ರಾದರ್ನ್. ಹಿಕ್ಸ್, ಸ್ಟ್ರಾದರ್ನ್ ಇಬ್ಬರೊಡನೆ ಸೇರಿ ಅದನ್ನು ಡಿ.ಎನ್.ಎ.ಯಲ್ಲೇ ತೋರಿಸಿದವರಲ್ಲಿ ಕ್ಲಾರ್ ಒಬ್ಬರು. ಭದ್ರಕೋಣೆಯ ಬೀಗವನ್ನು ಕಾಯುವ ಜೀನುಗಳಲ್ಲಿ ಒಂದನ್ನು ಅವರು 1979ರಲ್ಲಿ ಫೋಗೆಲ್ ಮೊದಲಾದವರೊಡನೆ ಗುರುತಿಸಿದರು. ಇಂದು ವಿಜ್ಞಾನಿಗಳು ಸರ್-2 ಎಂದು ಕರೆಯುವುದು ಅದನ್ನೇ.

ಅವರ ಹೆಸರು ಉಳಿದಿರುವುದು ಇನ್ನೊಂದು ಯೀಸ್ಟಿನಿಂದ. ಅದರ ಹೆಸರು ‘ಪೋಂಬೆ’. ಸ್ವಾಹಿಲಿಯಲ್ಲಿ ಹಾಗೆಂದರೆ ಬೀರು. ಪೂರ್ವ ಆಫ್ರಿಕದ ಕಿರುಧಾನ್ಯದ ಬೀರಿನಲ್ಲಿ ಸಿಕ್ಕಿದ ಅದನ್ನು 1893ರಲ್ಲಿ ಲಿಂಡ್ನರ್ ಎಂಬವರು ವರ್ಣಿಸಿದರು. ಈ ಕಣ ಮೊಗ್ಗೊಡೆಯದೆ ನಡುವೆ ಸೀಳಿ ಎರಡಾಗುತ್ತದೆ. ಒಂದು ಕಣ ಎರಡಾಗಿ, ಎರಡು ನಾಲ್ಕಾದಾಗ, ನಾಲ್ಕು ಮೊಮ್ಮಕ್ಕಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಬಗೆ ಬದಲಿಸುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಈ ಭೇದವೇಕೆ? ಕ್ಲಾರ್ 1987ರಲ್ಲಿ ಉತ್ತರ ಕೊಟ್ಟರು: ಡಿ.ಎನ್.ಎ.ಯ ಎರಡು ಎಳೆಗಳು ಸಮಾನವಲ್ಲ; ಒಂದು ಎಳೆಗೆ ಮಾತ್ರ ಗುರುತು ಬೀಳುತ್ತದೆ; ಆ ಎಳೆ ಪಡೆದ ಮಗಳ ಮನೆಯಲ್ಲಿ ಮುಂದೆ ಬದಲಾವಣೆ. ಬರಿಯ ತರ್ಕವಲ್ಲ, ಪರೀಕ್ಷೆಯನ್ನೂ ಮಾಡಿದರು. ಆ ಭಾಗದ ಇನ್ನೊಂದು ಪ್ರತಿಯನ್ನು ತಿರುಗುಮುರುಗಾಗಿ ಜೋಡಿಸಿದರೆ ಇಬ್ಬರು ಮಕ್ಕಳಿಗೂ ಗುರುತು ಬರಬೇಕು, ಮೊಮ್ಮಕ್ಕಳಲ್ಲಿ ಎರಡು ಬದಲಾಗಬೇಕು ಎಂದರು. ಹಾಗೆಯೇ ಆಯಿತು.

ಅವರ ಬಳಿ ಕಲಿತವರೂ ಸಾಮಾನ್ಯರಲ್ಲ. ಜಗಮೋಹನ್ ಸಿಂಗ್ ಅವರು ಭಾರತಕ್ಕೆ ಮರಳಿ ಚಂಡೀಗಢದಲ್ಲಿ ಇದೇ ಯೀಸ್ಟಿನ ಅಭ್ಯಾಸ ಬೆಳೆಸಿದರು. ಶಿವ್ ಗ್ರೇವಾಲ್, ಜೇಕಬ್ ಡಾಲ್‌ಗಾರ್ಡ್ ಇವರ ಮೊದಲ ಹೆಸರಾಂತ ಲೇಖನಗಳಲ್ಲಿ ಗುರುಶಿಷ್ಯರ ಹೆಸರು ಜೊತೆಜೊತೆಯಾಗಿದೆ, ಶಿಷ್ಯನ ಹೆಸರೇ ಮುಂದು. ಗುರುವಿನ ದೊಡ್ಡತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ಯೀಸ್ಟಿನ ಎಡಬಲದಿಂದ ಕ್ಲಾರ್ ಮನುಷ್ಯರ ಎಡಬಲಕ್ಕೆ ಹೋದರು. ಜನರ ತಲೆಯ ಸುಳಿಯನ್ನು ಎಣಿಸಿ 2003ರಲ್ಲಿ ಪ್ರಕಟಿಸಿದರು: ಸಾಮಾನ್ಯ ಜನರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸುಳಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತವೆ, ಎಡಗೈಯವರಲ್ಲಿ ಮಾತ್ರ ಎಡಬಲ ಹೆಚ್ಚುಕಡಿಮೆ ಸಮಸಮ. ‘ಎರಡು ಸುಳಿಯವನಿಗೆ ಎರಡು ಮದುವೆ’ ಎಂದು ನಗುವ ನಮ್ಮ ಅಜ್ಜಿಯಂದಿರು ಕೇಳಿದ್ದರೆ ಸಂತೋಷಪಡುತ್ತಿದ್ದರು! ಬಲಗೈಗೆ ಒಂದು ಜೀನು ಕಾರಣ, ಅದಿಲ್ಲದವರಲ್ಲಿ ಅರ್ಧದಷ್ಟು ಜನ ಬಲಗೈಯವರು, ಅರ್ಧ ಎಡಗೈಯವರು, ಅದು ನಾಣ್ಯ ಚಿಮ್ಮಿದಂತೆ ಎಂಬುದು ಅವರ ವಾದ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬನು ಬಲಗೈ, ಒಬ್ಬನು ಎಡಗೈ ಆಗುವುದಕ್ಕೆ ಇದು ಸಮಾಧಾನ. ಆದರೆ ಸತ್ಯಕ್ಕೆ ಅಪಚಾರವಾಗಬಾರದು. ಸುಳಿಯ ಸಂಬಂಧ ಅನಂತರದ ಕೆಲವು ಎಣಿಕೆಗಳಲ್ಲಿ ಕಾಣಲಿಲ್ಲ. ಹಲವು ಜೀನುಗಳು ಸ್ವಲ್ಪ ಸ್ವಲ್ಪವಾಗಿ ಪಾಲುಗೊಳ್ಳುತ್ತವೆಂದು ಇಂದಿನ ಬಹುಮಂದಿ ವಿಜ್ಞಾನಿಗಳ ಮತ. ಯೀಸ್ಟಿನಲ್ಲಿ ಗೆದ್ದವರು ಮನುಷ್ಯನಲ್ಲಿ ವಾದಕ್ಕೆ ಗುರಿಯಾದರು. ಆದರೂ ತಮ್ಮ ವಾದವನ್ನು ಇತರರು ಎಣಿಸಿ ಪರೀಕ್ಷಿಸಬಹುದಾದ ರೂಪದಲ್ಲೇ ಮುಂದಿಟ್ಟರು.

ಒಂದು ಮಾತಿನಲ್ಲಿ ಮಾತ್ರ ಎರಡು ಪಕ್ಷದವರೂ ಒಂದೇ. ಎಡಗೈ ಎಂಬುದು ಮಗುವಿನ ಹಟವಲ್ಲ, ತಾಯಿಯ ತಪ್ಪಲ್ಲ. ನಮ್ಮ ತಂಗಿಯ ಮಗ ಎಡಗೈಯವನು. ಪಂಕ್ತಿಯಲ್ಲಿ ಎಡಗೈ ಎಲೆಗೆ ಹೋದಾಗಲೆಲ್ಲ ಯಾರಾದರೂ ಹಿರಿಯರು ತಟ್ಟಿದ್ದಾರೆ. ಈಗ ಅವನು ನೆಂಟರ ಮನೆಯಲ್ಲಿ ಊಟಕ್ಕೆ ಕೂಡುವುದಕ್ಕೇ ಹಿಂಜರಿಯುತ್ತಾನೆ. ಸಂಘದ ಭಾನುವಾರದ ಕನ್ನಡ ತರಗತಿಯಲ್ಲೂ ಎಡಗೈಯಲ್ಲಿ ‘ಅ ಆ’ ತಿದ್ದುವ ಮಕ್ಕಳಿದ್ದಾರೆ. ಊರು ಬಿಟ್ಟು ಬಂದ ನಾವು ಮಕ್ಕಳ ನಾಲಗೆಯ ಮೇಲೆ ಕನ್ನಡ ಉಳಿಯಲೆಂದು ಇಷ್ಟು ಶ್ರಮಪಡುತ್ತೇವೆ. ಆ ಕನ್ನಡವನ್ನು ಬರೆಯುವ ಕೈ ಯಾವುದೆಂದು ಗದರಿಸಿ ಮಗುವನ್ನು ತರಗತಿಯಿಂದಲೇ ದೂರಮಾಡಬಾರದು. ಆರತಿಗೆ, ಪ್ರಸಾದಕ್ಕೆ ಬಲಗೈ ನೀಡುವುದನ್ನು ಮೆಲ್ಲಗೆ ಕಲಿಸೋಣ. ಬರಹವನ್ನು ಅದರ ಕೈಗೇ ಬಿಡೋಣ. ಈ ವರ್ಷದಿಂದ ನಮ್ಮ ತರಗತಿಯಲ್ಲಿ ಹೀಗೆಯೇ ನಡೆಯಲೆಂದು ಸಂಘದ ಹಿರಿಯರಲ್ಲಿ ನಮ್ಮ ವಿನಂತಿ.