ಸಂಘ ಬಿಡದ ನಾಯಕ



ಚೆಂಡಾಟದವನೂ ಕೂಲಿಯವನೇ. ಇಂಗ್ಲೆಂಡಿನಲ್ಲಿ 1901ರಿಂದ ಫುಟ್‌ಬಾಲ್ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಕಟ್ಟಳೆಯಿತ್ತು. ಮೈದಾನ ಎಷ್ಟೇ ತುಂಬಲಿ, ಅಷ್ಟೇ! 1907ರಲ್ಲಿ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಆಟಗಾರರು ಕೂಡಿ ಸಂಘ ಕಟ್ಟಿದರು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ನಾಯಕ ಚಾರ್ಲಿ ರಾಬರ್ಟ್ಸ್ ಅದರ ಮುಂದಾಳುಗಳಲ್ಲೊಬ್ಬ.

1909ರಲ್ಲಿ ಆತನ ತಂಡ ಎಫ್.ಎ. ಕಪ್ ಗೆದ್ದಿತು. ಅದೇ ಬೇಸಿಗೆಯಲ್ಲಿ, ಸಂಘ ಬಿಡದವರಿಗೆ ಆಟವಿಲ್ಲವೆಂದು ಫುಟ್‌ಬಾಲ್ ಸಂಸ್ಥೆಯ ಅಪ್ಪಣೆಯಾಯಿತು. ಬಹಳ ಮಂದಿ ಬಿಟ್ಟರು. ರಾಬರ್ಟ್ಸ್ ಮತ್ತು ಜೊತೆಗಾರರು ಬಿಡಲಿಲ್ಲ. ಸಂಬಳ ನಿಂತಿತು, ಅಭ್ಯಾಸ ನಿಲ್ಲಲಿಲ್ಲ. ‘ಬಹಿಷ್ಕೃತರ ತಂಡ’ವೆಂದು ಹಲಗೆ ಹಿಡಿದು ಫೋಟೋ ತೆಗೆಸಿಕೊಂಡರು! ಕೊನೆಗೆ ಸಂಸ್ಥೆ ಸಂಘವನ್ನು ಒಪ್ಪಿಕೊಂಡಿತು.

ಸಂಬಳದ ಮಿತಿ ತೊಲಗಿದ್ದು ಮಾತ್ರ 1961ರಲ್ಲಿ. ರಾಬರ್ಟ್ಸ್ 1939ರಲ್ಲೇ ತೀರಿಕೊಂಡಿದ್ದ. ಗಿಡ ನೆಟ್ಟವನೇ ಹಣ್ಣು ತಿನ್ನಬೇಕೆಂದಿಲ್ಲ, ಬಂಧುಗಳೇ, ನೆಡುವುದನ್ನು ಬಿಡಬಾರದು.